ಬೆಳಕಿನ ತಿರುವು, ಅಣುವಿನ ಮುರಿ



ವಿಷಯ ವಿಜ್ಞಾನದ್ದೇ ಆಗಿರಲಿ, ಆದರೆ ಬೇಸಾಯಗಾರರೂ ಕೂತು ಕೇಳುವಂತಿರಲಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಷರತ್ತು ಹಾಕಿದರು. ರಸಾಯನಶಾಸ್ತ್ರದಲ್ಲಿ ಇದಕ್ಕೆ ಹೊಂದುವ ವಿಷಯ ಒಂದಿದೆ. ಕೆಲವು ವಸ್ತುಗಳನ್ನು ನೀರಿನಲ್ಲಿ ಕರಗಿಸಿ ಅದರೊಳಗೆ ಬೆಳಕು ಹಾಯಿಸಿದರೆ, ಬೆಳಕಿನ ಕಂಪನದ ದಿಕ್ಕು ಎಡಕ್ಕೋ ಬಲಕ್ಕೋ ತಿರುಗುತ್ತದೆ. ಯಾವ ವಸ್ತುಗಳು? ಕಬ್ಬಿನ ಸಕ್ಕರೆ, ಹುಣಸೆಯ ಹುಳಿ, ಹೊಗೆಸೊಪ್ಪಿನ ನಿಕೋಟಿನ್. ಕರಗಿಸುವ ಗೊಡವೆಯೇ ಇಲ್ಲದೆ ಹಾಗೇ ತಿರುಗಿಸುವ ಶ್ರೀಗಂಧದ ಎಣ್ಣೆಯನ್ನೂ ಸೇರಿಸಿಕೊಳ್ಳಿ. ಗಂಧ ಸಂತೆಗೆ ಬರುವುದಿಲ್ಲ ಎಂಬುದೊಂದು ಬಿಟ್ಟರೆ ಇದು ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸಂತೆಯ ಪಟ್ಟಿಯೇ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಬೆಳಕು ಯಾವ ಕಡೆ ತಿರುಗಿತು ಎಂಬುದು ಒಂದು ಪ್ರಶ್ನೆ. ಅಣುವಿನೊಳಗೆ ಪರಮಾಣುಗಳು ಯಾವ ಕಡೆಗೆ ಜೋಡಿಸಿಕೊಂಡಿವೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಖಚಿತವಾದ ಉತ್ತರ ಸಿಕ್ಕಿದ್ದು 1951ರಲ್ಲಿ. ಪಿಯುಸಿ ಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿ ಬರುವುದರಿಂದ ಮಕ್ಕಳು ಎರಡನ್ನೂ ಗಂಟುಹಾಕಿಬಿಡುತ್ತಾರೆ. ಆ ಗಂಟನ್ನು ಬಿಡಿಸಲು ಕಬ್ಬಿಗಿಂತ ಒಳ್ಳೆಯ ಸಾಧನ ನನಗೆ ತೋರಲಿಲ್ಲ.

ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಗೆ ಹೋದವರು ಅಲ್ಲಿ ಒಂದು ಉದ್ದನೆಯ ಕೊಳವೆಯ ಉಪಕರಣವನ್ನು ನೋಡಿರುತ್ತೀರಿ. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾದ ಕಾಲದಿಂದ ನಮ್ಮ ಚುಂಚನಕಟ್ಟೆಯ ಶ್ರೀರಾಮ ಸಹಕಾರ ಕಾರ್ಖಾನೆಯವರೆಗೆ ಇದಿಲ್ಲದೆ ಸಕ್ಕರೆಯ ಲೆಕ್ಕವೇ ಇಲ್ಲ. ಹೆಸರು ಪೋಲಾರಿಮೀಟರ್. ಸಾಮಾನ್ಯ ಬೆಳಕು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತಾ ಬರುತ್ತದೆ. ಉಪಕರಣದ ಮೊದಲ ಪಟ್ಟಕ ಅದರಲ್ಲಿ ಒಂದೇ ದಿಕ್ಕಿನ ಕಂಪನವನ್ನು ಉಳಿಸಿ ಮುಂದಕ್ಕೆ ಬಿಡುತ್ತದೆ. ಆ ಬೆಳಕು ಕಬ್ಬಿನ ಹಾಲಿನ ಕೊಳವೆಯನ್ನು ದಾಟುವಾಗ ಕಂಪನದ ದಿಕ್ಕು ತಿರುಗುತ್ತದೆ. ಎಷ್ಟು ತಿರುಗಿತು ಎಂಬುದನ್ನು ಎರಡನೆಯ ಪಟ್ಟಕ ತಿರುಗಿಸಿ ಓದುತ್ತಾರೆ. ಬೆಳಕಿಗೆ ಎದುರಾಗಿ ನಿಂತು ನೋಡುವಾಗ ಗಡಿಯಾರದ ಮುಳ್ಳಿನ ಕಡೆ ತಿರುಗಿದರೆ ಬಲ, ಪ್ಲಸ್. ಅದಕ್ಕೆ ವಿರುದ್ಧವಾದರೆ ಎಡ, ಮೈನಸ್.

ಒಂದೇ ವಸ್ತುವಿನಲ್ಲಿ ತಿರುಗುವ ಪ್ರಮಾಣ ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ: ದ್ರಾವಣದಲ್ಲಿ ವಸ್ತು ಎಷ್ಟಿದೆ, ಕೊಳವೆ ಎಷ್ಟು ಉದ್ದವಿದೆ. ಕಬ್ಬಿನ ಸಕ್ಕರೆಯ, ಅಂದರೆ ಸುಕ್ರೋಸಿನ, ವಿಶಿಷ್ಟ ತಿರುವು ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ +66.5 ಡಿಗ್ರಿ. ಶುದ್ಧ ಸಕ್ಕರೆ 26 ಗ್ರಾಂ ತೂಗಿ, 100 ಮಿಲಿಲೀಟರ್ ಆಗುವಂತೆ ನೀರಿನಲ್ಲಿ ಕರಗಿಸಿ, 20 ಸೆಂಟಿಮೀಟರ್ ಕೊಳವೆಯಲ್ಲಿಟ್ಟರೆ 66.5ನ್ನು 0.26ರಿಂದಲೂ 2ರಿಂದಲೂ ಗುಣಿಸಿ, ಸುಮಾರು 34.6 ಡಿಗ್ರಿ ಬರುತ್ತದೆ. ಸಕ್ಕರೆ ಉದ್ಯಮ ಈ ತಿರುವನ್ನೇ ನೂರು ಎಂದು ಗುರುತುಮಾಡಿಕೊಂಡಿದೆ. ಈ ಅಳತೆಯಲ್ಲಿ ಬರುವ ಅಂಕಿಗೆ 'ಪೋಲ್' ಎನ್ನುತ್ತಾರೆ. ಹೊಲದಲ್ಲಿ ಕೈ ಉಪಕರಣ ಹಿಡಿದು ನೋಡುವ ಬ್ರಿಕ್ಸ್ ಬೇರೆ. ಅದು ಹಾಲಿನಲ್ಲಿ ಕರಗಿರುವುದನ್ನೆಲ್ಲ, ಉಪ್ಪಿನಂಶವನ್ನೂ ಸೇರಿಸಿಯೇ, ಎಣಿಸುತ್ತದೆ. ಪೋಲನ್ನು ಬ್ರಿಕ್ಸಿನಿಂದ ಭಾಗಿಸಿ ಶೇಕಡಾವಾರು ತೆಗೆದದ್ದು ಶುದ್ಧತೆ. ಅದು 85 ದಾಟಿದರೆ ಕಬ್ಬು ಕಟಾವಿಗೆ ಬಂದಿದೆ ಎಂದು ಲೆಕ್ಕ.

ದುಡ್ಡಿನ ವಿಷಯಕ್ಕೆ ಬರೋಣ, ಹಿಂದಿನ ಸಾಲಿನವರು ಅದಕ್ಕೇ ಕಾದಿದ್ದೀರಿ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಎಫ್‌ಆರ್‌ಪಿ, ಅಂದರೆ ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಕ್ವಿಂಟಾಲಿಗೆ 340 ರೂಪಾಯಿ, ಅದು ಶೇಕಡ 10.25 ಸಕ್ಕರೆ ಇಳುವರಿಗೆ. ಅದರ ಮೇಲೆ ಪ್ರತಿ 0.1ಕ್ಕೆ 3 ರೂಪಾಯಿ 32 ಪೈಸೆ ಹೆಚ್ಚು. ಈ ಇಳುವರಿ ಒಬ್ಬೊಬ್ಬ ರೈತನ ಕಬ್ಬಿನದಲ್ಲ, ಇಡೀ ಕಾರ್ಖಾನೆಯದು. ಒಳಗೆ ಬಂದ ಕಬ್ಬಿನಲ್ಲಿ ಪೋಲ್ ಎಷ್ಟು, ಸಿಪ್ಪೆಯಲ್ಲಿ ಎಷ್ಟು ಉಳಿಯಿತು, ಪ್ರೆಸ್‌ಮಡ್ಡಿನಲ್ಲಿ ಎಷ್ಟು ಹೋಯಿತು, ಕಾಕಂಬಿಗೆ ಎಷ್ಟು ಸೇರಿತು ಎಂದು ಕಾರ್ಖಾನೆ ದಿನದಿನವೂ ಜಮಾಖರ್ಚು ಬರೆಯುತ್ತದೆ. ಆ ಪುಸ್ತಕದ ನಾಣ್ಯವೇ ಬೆಳಕಿನ ತಿರುವು. ತೂಕದ ಸೇತುವೆಯ ಮುಂದೆ ರೈತ ಎಚ್ಚರದಿಂದ ನಿಲ್ಲುತ್ತಾನೆ, ನಿಲ್ಲಲೇಬೇಕು. ಪೋಲಾರಿಮೀಟರಿನ ಮುಂದೆ ಮಾತ್ರ ಯಾರೂ ನಿಲ್ಲುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕಬ್ಬು ಬೆಳೆಗಾರರ ಸಂಘಗಳು ತಮ್ಮ ಮಕ್ಕಳಲ್ಲಿ ಕೆಲವರಿಗಾದರೂ ಆ ಅಂಕಿ ಓದುವುದನ್ನು ಕಲಿಸಬೇಕು.

ಈಗ ಕಡಿದ ಕಬ್ಬು ಗದ್ದೆಯ ಬದುವಿನಲ್ಲಿ ಬಿದ್ದಿದೆ, ಲಾರಿ ಬರಲಿಲ್ಲ ಎಂದುಕೊಳ್ಳಿ. ಒಳಗೆ ಏನಾಗುತ್ತದೆ? ಸುಕ್ರೋಸಿನ ಒಂದೊಂದು ಅಣುವೂ ಗ್ಲುಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಕೂಡಿ ಆದದ್ದು. ಕಬ್ಬಿನದೇ ಆದ ಇನ್ವರ್ಟೇಸ್ ಎಂಬ ಕಿಣ್ವ, ಜೊತೆಗೆ ಹಾಲಿನ ಹುಳಿ, ಒಂದು ನೀರಿನ ಅಣುವನ್ನು ನಡುವೆ ತೂರಿಸಿ ಈ ಜೋಡಿಯನ್ನು ಬಿಡಿಸುತ್ತವೆ. ಗ್ಲುಕೋಸ್ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, +52.7. ಫ್ರಕ್ಟೋಸ್ ಎಡಕ್ಕೆ, ಅದೂ ಜೋರಾಗಿ, ಸುಮಾರು −92. ಎರಡೂ ಸಮಪಾಲು ಇರುವುದರಿಂದ ಸರಾಸರಿ ತೆಗೆಯಿರಿ: ಸುಮಾರು −20. +66.5 ಇದ್ದದ್ದು −20 ಆಯಿತು. ಸಿಹಿ ಎಲ್ಲೂ ಹೋಗಿಲ್ಲ, ನಾಲಿಗೆಗೆ ಇನ್ನೂ ಸಿಹಿಯೇ. ಆದರೆ ತಿರುವು ಮಗುಚಿಕೊಂಡಿತು, ಕಾರ್ಖಾನೆಯ ಮಟ್ಟಿಗೆ ಸಕ್ಕರೆ ಕಳೆದುಹೋಯಿತು. ಏಕೆಂದರೆ ಈ ಒಡೆದ ಸಕ್ಕರೆ ಹರಳುಗಟ್ಟುವುದಿಲ್ಲ, ಹರಳುಗಟ್ಟುವ ಸುಕ್ರೋಸನ್ನೂ ತಡೆಯುತ್ತದೆ.

ಆಲೆಮನೆಯವರಿಗೆ ಇದು ಹೊಸದಲ್ಲ. ಹಳಸಿದ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಜೋನಿಯಾಗುತ್ತದೆ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದು ಹುಳಿ ಮುರಿಯಲಿಕ್ಕೆ. ಹುಳಿ ಕಡಿಮೆಯಾದಷ್ಟೂ ಸುಕ್ರೋಸ್ ಒಡೆಯುವುದು ನಿಧಾನ. ಬೆಂಡೆ ಕಾಂಡದ ಲೋಳೆ ಹಾಕುವುದು ಬೇರೆ ಕೆಲಸಕ್ಕೆ, ಕಲ್ಮಷ ಹಿಡಿದು ಮೇಲೆ ತೇಲಿಸಲು. ಪೋಲಾರಿಮೀಟರ್ ಕಾಣದವರೂ ತಿರುವಿನ ಪರಿಣಾಮವನ್ನು ಕೈಯಲ್ಲಿ ಕಂಡಿದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಪೋಲಾರಿಮೀಟರನ್ನು ಕಣ್ಣುಮುಚ್ಚಿ ನಂಬಬಹುದಿತ್ತು. ಆದರೆ ಬಿದ್ದ ಕಬ್ಬಿನ ಕೊಯ್ದ ತುದಿಯಲ್ಲಿ ಲ್ಯೂಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಸುಕ್ರೋಸನ್ನು ತಿಂದು ಡೆಕ್ಸ್ಟ್ರಾನ್ ಎಂಬ ಲೋಳೆಯನ್ನು ಕಟ್ಟುತ್ತದೆ. ಡೆಕ್ಸ್ಟ್ರಾನ್ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಸುಕ್ರೋಸಿಗಿಂತ ಸುಮಾರು ಮೂರು ಪಟ್ಟು! ಹಾಗಾಗಿ ಕೆಟ್ಟ ಕಬ್ಬಿನ ಹಾಲು ತನ್ನಲ್ಲಿರುವುದಕ್ಕಿಂತ ಹೆಚ್ಚು ಪೋಲ್ ತೋರಿಸಬಲ್ಲದು. ಉಪಕರಣ ಸುಳ್ಳು ಹೇಳಲಿಲ್ಲ; ಅದಕ್ಕೆ ಗೊತ್ತಿರುವುದು ಒಟ್ಟು ತಿರುವು ಮಾತ್ರ, ತಿರುಗಿಸಿದವರು ಯಾರು ಎಂಬುದಲ್ಲ. 1849ರಲ್ಲೇ ಫ್ರಾನ್ಸಿನ ಕ್ಲೆರ್ಜೆ ಇದಕ್ಕೊಂದು ಉಪಾಯ ಹೇಳಿದ. ಮೊದಲು ಒಂದು ಸಲ ಓದು, ಆಮೇಲೆ ಆಮ್ಲ ಹಾಕಿ ಸುಕ್ರೋಸನ್ನೆಲ್ಲ ಒಡೆದು ಇನ್ನೊಂದು ಸಲ ಓದು. ಎರಡರ ನಡುವಿನ ವ್ಯತ್ಯಾಸ ಸುಕ್ರೋಸಿನದು.

ಇಲ್ಲಿ ಒಬ್ಬ ಜಾಣ ವಿದ್ಯಾರ್ಥಿ ಎದ್ದು ಕೇಳಬೇಕು: ಪುಸ್ತಕದಲ್ಲಿ 'ಡಿ-ಗ್ಲುಕೋಸ್', 'ಡಿ-ಫ್ರಕ್ಟೋಸ್' ಎಂದಿದೆಯಲ್ಲ, ಡಿ ಎಂದರೆ ಬಲ, ಮತ್ತೆ ಫ್ರಕ್ಟೋಸ್ ಎಡಕ್ಕೆ ಏಕೆ ತಿರುಗಿಸುತ್ತದೆ? ನಾನು ಹೇಳಿದ ಗಂಟು ಇದೇ. ಇಲ್ಲಿ ಡಿ ಎಂಬುದು ಬೆಳಕಿನ ಮಾತಲ್ಲ, ಅಣುವಿನ ಆಕಾರದ ಮಾತು. ಬೆಳಕಿನ ಮಾತನ್ನು ಪ್ಲಸ್, ಮೈನಸ್ ಗುರುತುಗಳು ಹೇಳುತ್ತವೆ. ಡಿ ಎನಿಸಿಕೊಂಡ ಸಕ್ಕರೆ ಯಾವ ಕಡೆ ಬೇಕಾದರೂ ತಿರುಗಿಸಬಹುದು.

ಹಾಗಾದರೆ ಡಿ ಎಂದು ಕರೆದವರು ಯಾರು, ಯಾವ ಆಧಾರದ ಮೇಲೆ? ಅದಕ್ಕೆ ಮೊದಲು ಬಲ, ಎಡ ಎಂಬ ಹೆಸರುಗಳನ್ನೇ ನೋಡೋಣ. ಕೃಷ್ಣರಾಜಸಾಗರದ ಕೆಳಗೆ ಕಾವೇರಿಯ ಬಲಮುರಿ, ಎಡಮುರಿಗಳಿಗೆ ನೀವೆಲ್ಲ ಹೋಗಿಬಂದವರು. ಬಲಮುರಿ ಶಂಖವೂ ಗೊತ್ತು. ಲಕ್ಷಕ್ಕೊಂದು ಎಂದು ಪೂಜೆಯ ಮನೆಯಲ್ಲಿಟ್ಟು ಕಾಪಾಡುವಂಥದು. ಪ್ರಾಣಿಶಾಸ್ತ್ರಜ್ಞರನ್ನು ಕೇಳಿ, ಅದೇ ಶಂಖವನ್ನು ಅವರು ಎಡಸುತ್ತಿನದು ಎಂದು ಬರೆದುಕೊಳ್ಳುತ್ತಾರೆ. ಅವರು ಶಂಖದ ಮೊನೆಯನ್ನು ಮೇಲೆ ಮಾಡಿ ಬಾಯಿ ಯಾವ ಕಡೆಗಿದೆ ಎಂದು ನೋಡುತ್ತಾರೆ, ನಾವು ಊದುವ ಹಾಗೆ ಹಿಡಿದು ನೋಡುತ್ತೇವೆ. ಶಂಖ ಒಂದೇ. ಅದರ ಸುತ್ತು ನಿಜ, ಕನ್ನಡಿಯೊಳಗಿನ ಶಂಖದ ಮೇಲೆ ಅದನ್ನು ಹೇಗೆ ತಿರುಗಿಸಿಟ್ಟರೂ ಹೊಂದದು, ಅದೂ ನಿಜ. ಬಲ ಎಡ ಎಂಬ ಹೆಸರು ಮಾತ್ರ ಒಪ್ಪಂದ.

ಅಣುವಿಗೂ ಸುತ್ತು ಇರಬಹುದು ಎಂದು ಮೊದಲು ತೋರಿಸಿದ್ದು ಹುಣಸೆಯ ಹುಳಿ. ಹುಣಸೆ ತಿರುಳಿನ ಹುಳಿಯ ಬಹುಪಾಲು ಟಾರ್ಟಾರಿಕ್ ಆಮ್ಲ. ಯುರೋಪಿನಲ್ಲಿ ಅದೇ ಆಮ್ಲ ದ್ರಾಕ್ಷಾರಸದ ಪೀಪಾಯಿಗಳ ತಳದಲ್ಲಿ ಸಿಗುತ್ತಿತ್ತು. ದ್ರವಗಳು ಬೆಳಕನ್ನು ತಿರುಗಿಸುತ್ತವೆ ಎಂದು 1815ರಲ್ಲಿ ಕಂಡುಹಿಡಿದ ಬಿಯೋ, ಟಾರ್ಟಾರಿಕ್ ಆಮ್ಲ ಬಲಕ್ಕೆ ತಿರುಗಿಸುವುದನ್ನೂ ನೋಡಿದ್ದ. ತೊಡಕೆಂದರೆ, ಅದೇ ಪರಮಾಣುಗಳು ಅಷ್ಟಷ್ಟೇ ಇರುವ ಇನ್ನೊಂದು ಆಮ್ಲ ಕಾರ್ಖಾನೆಯೊಂದರಲ್ಲಿ ಸಿಕ್ಕಿತ್ತು. ಅದು ಬೆಳಕನ್ನು ಎಳ್ಳಷ್ಟೂ ತಿರುಗಿಸುತ್ತಿರಲಿಲ್ಲ. 1848ರಲ್ಲಿ ಇಪ್ಪತ್ತೈದರ ಪ್ರಾಯದ ಲೂಯಿ ಪಾಶ್ಚರ್ ಆ ಎರಡನೆಯ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿ ಭೂತಗನ್ನಡಿಯಲ್ಲಿ ನೋಡಿದ. ಹರಳುಗಳಲ್ಲಿ ಎರಡು ಜಾತಿ, ಒಂದು ಇನ್ನೊಂದರ ಕನ್ನಡಿ ಬಿಂಬ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಅವನ್ನು ಕೈಯಲ್ಲೇ ಆರಿಸಿ ಬೇರೆಮಾಡಿ, ಬೇರೆ ಬೇರೆ ಕರಗಿಸಿದ. ಒಂದು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಎಡಕ್ಕೆ. ಮುದುಕ ಬಿಯೋ ನಂಬಲಿಲ್ಲ. ತನ್ನ ಕಣ್ಣೆದುರೇ, ತಾನು ಕೊಟ್ಟ ಸಾಮಗ್ರಿಯಿಂದಲೇ ಮಾಡಿತೋರಿಸು ಎಂದ. ಪಾಶ್ಚರ್ ತೋರಿಸಿದ.

ನಮ್ಮ ಪಾಠಗಳಲ್ಲಿ ಬಾರದ ಒಂದು ವಿವರ ಹೇಳುತ್ತೇನೆ. ಆ ಲವಣದ ಹರಳುಗಳು ಹೀಗೆ ಬೇರೆಯಾಗಿ ಕಟ್ಟುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ. ಅದಕ್ಕಿಂತ ಬೆಚ್ಚಗಿದ್ದರೆ ಎರಡೂ ಜಾತಿ ಕೂಡಿಯೇ ಒಂದು ಹರಳಾಗುತ್ತದೆ, ಆರಿಸಲು ಏನೂ ಉಳಿಯುವುದಿಲ್ಲ. ಪ್ಯಾರಿಸ್ ತಣ್ಣಗಿತ್ತು. ಇದೇ ಪ್ರಯೋಗವನ್ನು ಯಾರಾದರೂ ನಮ್ಮ ಏಪ್ರಿಲ್ ತಿಂಗಳಿನಲ್ಲಿ ಮಾಡಿದ್ದರೆ ಬರಿಗೈ. ಅದೃಷ್ಟವೇ ಎಂದು ತಳ್ಳಿಹಾಕಬಾರದು, ನೋಡುವ ಕಣ್ಣೂ ಇತ್ತು. ಆದರೆ ಹವಾಮಾನಕ್ಕೆ ಅದರ ಪಾಲನ್ನು ಕೊಡೋಣ.

ಅಣುವಿನಲ್ಲಿ ಈ ಸುತ್ತು ಎಲ್ಲಿ ಅಡಗಿದೆ ಎಂಬುದಕ್ಕೆ 1874ರಲ್ಲಿ ವಾಂಟ್ ಹಾಫ್, ಲೆ ಬೆಲ್ ಎಂಬಿಬ್ಬರು ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಕಾರ್ಬನ್ನಿನ ನಾಲ್ಕು ಕೈಗಳು ಹಾಳೆಯ ಮೇಲೆ ಬರೆದಂತೆ ಚಪ್ಪಟೆಯಾಗಿಲ್ಲ, ನಾಲ್ಕು ಮೂಲೆಯ ಗೋಪುರದ ಮೂಲೆಗಳಿಗೆ ಚಾಚಿಕೊಂಡಿವೆ; ನಾಲ್ಕು ಕೈಯಲ್ಲೂ ಬೇರೆ ಬೇರೆ ಗುಂಪುಗಳಿದ್ದರೆ ಅವನ್ನು ಜೋಡಿಸುವ ರೀತಿ ಎರಡು. ವಾಂಟ್ ಹಾಫ್ ಆಗ ಇಪ್ಪತ್ತೆರಡರವನು. ಸ್ವಲ್ಪ ಕಾಲದಲ್ಲೇ ಉಟ್ರೆಕ್ಟ್ ನಗರದ ಪಶುವೈದ್ಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಜರ್ಮನಿಯ ಹಿರಿಯ ರಸಾಯನಜ್ಞ ಕೋಲ್ಬೆ, ದನದ ಶಾಲೆಯವನಿಗೆ ರಸಾಯನಶಾಸ್ತ್ರದ ಕಲ್ಪನಾವಿಲಾಸವೇ ಎಂದು ಗೇಲಿಮಾಡಿ ಬರೆದ. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್, 1901ರಲ್ಲಿ, ಈ ದನದ ಶಾಲೆಯವನಿಗೇ ಬಂತು.

1891ರಲ್ಲಿ ಎಮಿಲ್ ಫಿಷರ್ ಗ್ಲುಕೋಸಿನ ಹದಿನಾರು ಸಾಧ್ಯ ಜೋಡಣೆಗಳಲ್ಲಿ ನಿಜವಾದದ್ದನ್ನು ಹುಡುಕಲು ಹೊರಟು ಒಂದು ಗೋಡೆಗೆ ಬಂದು ನಿಂತ. ತರ್ಕದಿಂದ ಎರಡರವರೆಗೆ ಇಳಿಸಬಹುದಿತ್ತು, ಒಂದು ಮತ್ತು ಅದರ ಕನ್ನಡಿ ಬಿಂಬ. ಅವೆರಡರಲ್ಲಿ ಯಾವುದು ಎಂದು ಹೇಳಲು ಆ ಕಾಲದ ಯಾವ ಪ್ರಯೋಗಕ್ಕೂ ಸಾಧ್ಯವಿರಲಿಲ್ಲ. ಫಿಷರ್ ಒಂದನ್ನು ಸುಮ್ಮನೆ ಆರಿಸಿಕೊಂಡ; ಡಿ ಎಂಬ ಹೆಸರಿನ ಆಧಾರ ಇದೇ. ಅರ್ಧಕ್ಕರ್ಧ ಸಾಧ್ಯತೆಯ ಮೇಲೆ ಇಡೀ ಶಾಸ್ತ್ರ ಅರವತ್ತು ವರ್ಷ ನಡೆಯಿತು. ಸಕ್ಕರೆ, ಪ್ರೋಟೀನು, ಎಲ್ಲದರ ಚಿತ್ರವೂ ಅದೇ ಆಯ್ಕೆಗೆ ತಾಳೆಹಾಕಿ ಬರೆದದ್ದು. ಬೆಳಕಿನ ತಿರುವನ್ನು ಸಾವಿರ ಸಲ ಅಳೆದರೂ ಈ ಅನುಮಾನ ತೀರುವಂತಿರಲಿಲ್ಲ.

ತೀರಿಸಿದ್ದು ಮತ್ತೆ ಹುಣಸೆಯ ಆಮ್ಲವೇ, ಉಟ್ರೆಕ್ಟಿನಲ್ಲಿ, ವಾಂಟ್ ಹಾಫ್ ಹೆಸರಿನ ಪ್ರಯೋಗಶಾಲೆಯಲ್ಲೇ. ಸಾಮಾನ್ಯವಾಗಿ ಎಕ್ಸ್-ಕಿರಣಗಳು ಹರಳಿನ ಮುಂದಿನಿಂದ ಬಂದರೂ ಹಿಂದಿನಿಂದ ಬಂದರೂ ಒಂದೇ ತೀವ್ರತೆಯ ಚುಕ್ಕೆಗಳನ್ನು ಕೊಡುತ್ತವೆ, ಹಾಗಾಗಿ ಬಿಂಬ ಪ್ರತಿಬಿಂಬಗಳ ಭೇದ ತಿಳಿಯದು. ಅಲ್ಲಿನ ವಿಜ್ಞಾನಿ ಬೈಫೂಟ್ ಮತ್ತು ಸಂಗಡಿಗರು ಟಾರ್ಟಾರಿಕ್ ಆಮ್ಲದ ಸೋಡಿಯಂ ರುಬಿಡಿಯಂ ಲವಣವನ್ನು ತೆಗೆದುಕೊಂಡು, ರುಬಿಡಿಯಂ ಪರಮಾಣುವನ್ನು ಕೆಣಕುವಂಥ ಜಿರ್ಕೋನಿಯಂ ಎಕ್ಸ್-ಕಿರಣಗಳನ್ನು ಹಾಯಿಸಿದರು. ಕೆಣಕಿದ ರುಬಿಡಿಯಂ ಕಿರಣವನ್ನು ಚದುರಿಸುವಾಗ ಅದರ ತಾಳ ಸ್ವಲ್ಪ ತಪ್ಪುತ್ತದೆ, ಆ ತಪ್ಪಿನಿಂದ ಮುಂದಿನ ಹಿಂದಿನ ಚುಕ್ಕೆಗಳು ಬೇರೆಯಾಗುತ್ತವೆ. 1951ರಲ್ಲಿ ಫಲಿತಾಂಶ ಬಂತು: ಫಿಷರನ ಆಯ್ಕೆ ಸರಿಯಾಗಿತ್ತು. ತಪ್ಪಾಗಿದ್ದರೆ ಪ್ರಪಂಚದ ಪಠ್ಯಪುಸ್ತಕಗಳನ್ನೆಲ್ಲ ಕನ್ನಡಿಯಲ್ಲಿ ಹಿಡಿದು ಓದಬೇಕಾಗುತ್ತಿತ್ತು. ನಿಮ್ಮ ಮನೆಯ ಸಾರಿನ ಆ ಆಮ್ಲದ ಹೆಸರು ಎಲ್-ಟಾರ್ಟಾರಿಕ್ (ಎಲ್ ಎಂದರೆ ಡಿಯ ಕನ್ನಡಿ ಬಿಂಬದ ಜೋಡಣೆ), ತಿರುವು ಪ್ಲಸ್. ಫ್ರಕ್ಟೋಸಿಗೆ ಸರಿಯಾಗಿ ತದ್ವಿರುದ್ಧ.

ಎಕ್ಸ್-ಕಿರಣದ ಈ ವಿಧಾನವನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಎಸ್. ರಾಮಶೇಷನ್ ಮುಖ್ಯರು, 1974ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಇದೇ ವಿಷಯಕ್ಕೆ ನಡೆದ ಸಮ್ಮೇಳನದ ಸಂಪುಟಕ್ಕೆ ಅವರೂ ಸಂಪಾದಕರು. ಇನ್ನೂ ಹತ್ತಿರದವರು ಎಸ್. ಚಂದ್ರಶೇಖರ್. 1961ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗವನ್ನು ಕಟ್ಟಿದವರು. ಜಗತ್ತು ಅವರನ್ನು ದ್ರವ ಹರಳುಗಳಿಗಾಗಿ ನೆನೆಯುತ್ತದೆ, ಆದರೆ ಅವರ ಮೊದಲ ಕೆಲಸ ಕ್ವಾರ್ಟ್ಸ್‌ನಂಥ ಹರಳುಗಳು ಬೆಳಕನ್ನು ತಿರುಗಿಸುವ ಬಗೆಗೆ. ಕ್ವಾರ್ಟ್ಸ್ ಒಂದು ಮಿಲಿಮೀಟರಿಗೆ ಸುಮಾರು 21.7 ಡಿಗ್ರಿ ತಿರುಗಿಸುತ್ತದೆ, ಆದರೂ ಅದರಲ್ಲಿ ಎಡಬಲದ ಅಣುವೇ ಇಲ್ಲ. ಸುತ್ತು ಇರುವುದು ಪರಮಾಣುಗಳು ಸಾಲುಗಟ್ಟಿದ ರೀತಿಯಲ್ಲಿ, ಕರಗಿಸಿಬಿಟ್ಟರೆ ಮಾಯ. ಸಕ್ಕರೆ ಕಾರ್ಖಾನೆಯವರು ತಮ್ಮ ಪೋಲಾರಿಮೀಟರ್ ಸರಿಯಾಗಿದೆಯೇ ಎಂದು ತಾಳೆನೋಡುವುದು ಇದೇ ಕ್ವಾರ್ಟ್ಸ್ ಬಿಲ್ಲೆಯಿಂದ.

ಗಂಧದ ಎಣ್ಣೆಯ ಮಾತನ್ನು ಬೇಗ ಮುಗಿಸುತ್ತೇನೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಮರ ಹೋಗುವುದು ನಿಂತಾಗ, 1916ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿಯಿಳಿಸುವ ಕೆಲಸ ಹಿಡಿದರು, ಮೈಸೂರು ಸಂಸ್ಥಾನ ಕಾರ್ಖಾನೆ ಹಾಕಿತು. ಅಸಲಿ ಎಣ್ಣೆ ಬೆಳಕನ್ನು ಸುಮಾರು 15ರಿಂದ 20 ಡಿಗ್ರಿ ಎಡಕ್ಕೆ ತಿರುಗಿಸುತ್ತದೆ. ವೆಸ್ಟ್ ಇಂಡೀಸಿನ ಅಮೈರಿಸ್ ಮರದ ಎಣ್ಣೆಯನ್ನು 'ಗಂಧ' ಎಂದು ಬೆರೆಸಿದರೆ ಸಿಕ್ಕಿಬೀಳುತ್ತದೆ, ಏಕೆಂದರೆ ಅದು ಬಲಕ್ಕೆ. ಆದರೆ ಅಸಲಿ ಎಣ್ಣೆಯ ಒಳಗೇ ಆಲ್ಫಾ ಸ್ಯಾಂಟಲಾಲ್ ಬಲಕ್ಕೆ ಎಳೆಯುತ್ತದೆ, ಬೀಟಾ ಸ್ಯಾಂಟಲಾಲ್ ಎಡಕ್ಕೆ. ನಾವು ಓದುವ ಅಂಕಿ ಅವರ ಜಗಳದ ರಾಜಿ.

ಅಣುವಿನ ಮುರಿಯನ್ನು ಪೋಲಾರಿಮೀಟರಿಗಿಂತ ಚೆನ್ನಾಗಿ ಬಲ್ಲದ್ದು ನಮ್ಮ ದೇಹ. ಪುದೀನದ ಒಂದು ಜಾತಿಗೆ ಪರಿಮಳ ಕೊಡುವ ಕಾರ್ವೋನ್ ಮತ್ತು ಸಬ್ಬಸಿಗೆ ಬೀಜದ ಕಾರ್ವೋನ್ ಒಂದರ ಕನ್ನಡಿ ಬಿಂಬ ಇನ್ನೊಂದು. ಕುದಿಯುವ ಬಿಂದು ಒಂದೇ, ತೂಕ ಒಂದೇ. ಮೂಗು ಮಾತ್ರ ಕ್ಷಣದಲ್ಲಿ ಬೇರೆಮಾಡುತ್ತದೆ, ಏಕೆಂದರೆ ಮೂಗಿನ ಗ್ರಾಹಿಗಳೂ ಒಂದೇ ಮುರಿಯ ಅಣುಗಳಿಂದ ಆದವು. ಔಷಧದಂಗಡಿಯಲ್ಲಿ 'ಲೀವೊ' ಎಂದು ಶುರುವಾಗುವ ಮಾತ್ರೆಗಳ ಸಾಲೇ ಇದೆ. ಲೀವೊ ಎಂದರೆ ಬೆಳಕಿನ ಎಡತಿರುವು; ಜೋಡಣೆಯನ್ನು ಹೇಳಲು ಡಿ, ಎಲ್ ಅಲ್ಲದೆ 'ಆರ್', 'ಎಸ್' ಎಂಬ ಗುರುತುಗಳೂ ಇವೆ. ಸೀನಿಗೆ ಕೊಡುವ ಲೀವೊಸೆಟಿರಿಜಿನ್ ಜೋಡಣೆಯಲ್ಲಿ 'ಆರ್', ಸೋಂಕಿಗೆ ಕೊಡುವ ಲೀವೊಫ್ಲಾಕ್ಸಾಸಿನ್ 'ಎಸ್'. ಹೆಸರಿನಲ್ಲಿ ಎರಡಕ್ಕೂ ಒಂದೇ ಲೀವೊ.

ಕೊನೆಗೆ ಹೊಗೆಸೊಪ್ಪು. ಬ್ಯಾರನ್ನಿನಲ್ಲಿ ಬೇಯಿಸಿ ಹರಾಜಿಗೆ ಒಯ್ಯುವ ಆ ಎಲೆಯ ನಿಕೋಟಿನ್ ಹೆಚ್ಚುಕಡಿಮೆ ಪೂರ್ತಿ ಎಸ್ ಜೋಡಣೆಯದು. ಶುದ್ಧ ನಿಕೋಟಿನ್ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ಸುಮಾರು −169. ಅದಕ್ಕೆ ಆಮ್ಲ ಸೇರಿಸಿ ಲವಣ ಮಾಡಿ, ಬಲಕ್ಕೆ ತಿರುಗಿಸುತ್ತದೆ! ಒಂದು ಪರಮಾಣುವೂ ತನ್ನ ಜಾಗ ಅದಲುಬದಲು ಮಾಡಿಕೊಂಡಿಲ್ಲ, ಜೋಡಣೆ ಅದೇ ಎಸ್, ಒಂದು ಪ್ರೋಟಾನ್ ಬಂದು ಕೂತಿದೆ ಅಷ್ಟೆ. ತಿರುವು ಬೇರೆ ಜೋಡಣೆ ಬೇರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? 1904ರಲ್ಲಿ ಜಿನೀವಾದ ರಸಾಯನಜ್ಞ ಪಿಕ್ಟೆ ತನ್ನ ಪ್ರಯೋಗಶಾಲೆಯಲ್ಲಿ ನಿಕೋಟಿನ್ ತಯಾರಿಸಿದಾಗ ಎಡ ಬಲ ಸಮಪಾಲಾಗಿ ಬಂತು, ತಿರುವು ಸೊನ್ನೆ. ಅದರಲ್ಲಿ ಎಲೆಯ ನಿಕೋಟಿನನ್ನು ಬೇರ್ಪಡಿಸಲು ಬಳಸಿದ್ದು ಟಾರ್ಟಾರಿಕ್ ಆಮ್ಲ. ಹುಣಸೂರು ಸೀಮೆಯ ಎರಡು ಮರಗಿಡಗಳು ಜಿನೀವಾದಲ್ಲಿ ಸಂಧಿಸಿದವು ಎನ್ನಲು ಅಡ್ಡಿಯಿಲ್ಲ.

ಈ ಹಳೆಯ ಪ್ರಯೋಗ ಈಗ ವ್ಯಾಪಾರದ ತಲೆನೋವಾಗಿದೆ. ವಿದೇಶದ ಮಾರುಕಟ್ಟೆಗೆ ಎಲೆಯಿಲ್ಲದ, ಕಾರ್ಖಾನೆಯಲ್ಲೇ ಮಾಡಿದ ನಿಕೋಟಿನ್ ಬಂದಿದೆ. ತಂಬಾಕಿನದಲ್ಲ, ಹಾಗಾಗಿ ತಂಬಾಕಿನ ಕಾನೂನು ನಮಗಿಲ್ಲ ಎಂದು ಮಾರುವವರು ವಾದಿಸಿದರು. ಅಮೆರಿಕ 2022ರಲ್ಲಿ ಕಾನೂನು ತಿದ್ದಿ, ಎಲ್ಲಿಂದ ಬಂದ ನಿಕೋಟಿನ್ ಆದರೂ ಒಂದೇ ಎಂದಿತು. ಎಲೆಯದೋ ಕಾರ್ಖಾನೆಯದೋ ಎಂದು ಪತ್ತೆಮಾಡಲು ಮೊದಲಿಗೆ ಎಡಬಲದ ಪರೀಕ್ಷೆ ಸಾಕಿತ್ತು: ಆರ್ ಮತ್ತು ಎಸ್ ಸಮಪಾಲಿದ್ದರೆ ಕಾರ್ಖಾನೆಯದು. ಈಗ ಎಸ್ ಒಂದನ್ನೇ ತಯಾರಿಸುವ ವಿಧಾನಗಳೂ ಬಂದಿವೆ. ಅಂಥದರ ಮುಂದೆ ಪೋಲಾರಿಮೀಟರೂ ಸೋಲುತ್ತದೆ, ಜೋಡಣೆಯ ಪರೀಕ್ಷೆಯೂ ಸೋಲುತ್ತದೆ, ಏಕೆಂದರೆ ಅಣು ನಿಜವಾಗಿಯೂ ಒಂದೇ. ಆಗ ಉಳಿಯುವುದು ಕಾರ್ಬನ್-14ರ ಲೆಕ್ಕ. ಹೊಲದ ಗಿಡ ಈ ವರ್ಷದ ಗಾಳಿಯಿಂದ ಕಾರ್ಬನ್ ತೆಗೆದುಕೊಂಡಿರುತ್ತದೆ, ಅದರಲ್ಲಿ ಕಾರ್ಬನ್-14 ಇರುತ್ತದೆ. ಪೆಟ್ರೋಲಿಯಂನಿಂದ ಮಾಡಿದ್ದರಲ್ಲಿ ಅದು ಎಂದೋ ಕ್ಷಯಿಸಿ ಹೋಗಿರುತ್ತದೆ.